ಅಂಬೆಗಾಲಿಡುವ ಅವಳಿಗಳು

ಅವಳಿ ಮಕ್ಕಳು ಹುಟ್ಟಿದ ಮನೆಯಲ್ಲಿ ಮೊದಲ ಆರೇಳು ತಿಂಗಳು ತಾಯಿಗೆ ನಿದ್ರೆಯಿಲ್ಲ, ಊಟಕ್ಕೆ ಹೊತ್ತಿಲ್ಲ. ಆದರೂ ಮಲಗಿಸಿದಲ್ಲಿಯೇ ಮಕ್ಕಳು ಇರುತ್ತವೆ ಎಂಬ ಒಂದು ನೆಮ್ಮದಿ ಆ ದಿನಗಳಲ್ಲಿ ಉಂಟು. ಒಂದು ಮಗು ಬೋರಲು ಬಿದ್ದು, ತೆವಳಿ, ಅಂಬೆಗಾಲಿಡತೊಡಗಿತೆಂದರೆ ಆ ನೆಮ್ಮದಿ ಮುಗಿಯಿತು. ಅದರ ಬೆನ್ನಿಗೇ ಇನ್ನೊಂದೂ ಹೊರಡುತ್ತದೆ. ಆದರೆ ಮೊದಲನೆಯದು ಹೋದ ದಿಕ್ಕಿಗಲ್ಲ. ಒಂದು ಅಡುಗೆಮನೆಯ ಕಡೆ, ಮತ್ತೊಂದು ಬಚ್ಚಲಿನ ಕಡೆ. ತಾಯಿ ಒಂದನ್ನು ಎತ್ತಿಕೊಳ್ಳಲು ಬಾಗಿದ ಕ್ಷಣದಲ್ಲಿ ಇನ್ನೊಂದರ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಆದುದರಿಂದ ಅವಳಿಗಳ ಕಾವಲನ್ನು ಕಣ್ಣಿಗೆ ಮಾತ್ರ ಒಪ್ಪಿಸಿದರೆ ಸಾಲದು. ಮನೆಯನ್ನೇ ಕಾವಲಿಗೆ ನಿಲ್ಲಿಸಬೇಕು.

ಈ ಸಿದ್ಧತೆ ಯಾವಾಗ ಆರಂಭವಾಗಬೇಕು? ಅನೇಕ ಅವಳಿಗಳು ದಿನ ತುಂಬುವ ಮೊದಲೇ ಹುಟ್ಟುತ್ತವೆ. ಅಂಥ ಮಕ್ಕಳ ಬೆಳವಣಿಗೆಯನ್ನು ವೈದ್ಯರು ಹುಟ್ಟಿದ ದಿನದಿಂದಲ್ಲ, ಹೆರಿಗೆಯಾಗಬೇಕಿದ್ದ ದಿನದಿಂದ ಎಣಿಸುತ್ತಾರೆ. ಆದುದರಿಂದ ನೆರೆಮನೆಯ ಕೂಸಿಗಿಂತ ತಡವಾದರೆ ತಾಯಿ ಕಳವಳಪಡಬೇಕಾಗಿಲ್ಲ. ಒಂದೇ ಬಸಿರಿನ ಎರಡು ಮಕ್ಕಳೂ ಒಂದೇ ದಿನ ಅಂಬೆಗಾಲಿಡುವುದಿಲ್ಲ. ಕೆಲವು ವಾರಗಳ ಅಂತರ ಸಾಮಾನ್ಯ. ಮುಂದಿರುವ ಮಗುವನ್ನು ನೋಡಿ ಮನೆಯನ್ನು ಸಜ್ಜುಗೊಳಿಸಬೇಕು.

ಇಡೀ ಮನೆಯನ್ನು ಅಪಾಯರಹಿತ ಮಾಡುವುದು ಯಾರಿಗೂ ಸಾಧ್ಯವಿಲ್ಲ. ಒಂದು ಕೋಣೆಯನ್ನು ಮಾಡಬಹುದು. ಪಡಸಾಲೆಯ ಒಂದು ಭಾಗವಾದರೂ ಸರಿಯೇ. ಹಿರಿಯರು ನಗಲಿ, ಒಮ್ಮೆ ತಾವೂ ನೆಲದ ಮೇಲೆ ಮಂಡಿಯೂರಿ ಸುತ್ತಲೂ ನೋಡಬೇಕು: ನಿಂತಾಗ ಕಾಣದ ಗುಂಡುಸೂಜಿ, ಜೋತುಬಿದ್ದ ವೈರು, ಪ್ಲಗ್ ಪಾಯಿಂಟಿನ ತೂತು, ಎಳೆದರೆ ಬೀಳುವ ಮೇಜಿನ ಬಟ್ಟೆ ಎಲ್ಲವೂ ಆಗ ಕಾಣುತ್ತವೆ. ಬಾಗಿಲಿಗೆ ಬಡಿಗರಿಂದ ಎರಡೂವರೆ ಅಡಿ ಎತ್ತರದ ಗೇಟು ಮಾಡಿಸಬೇಕು. ಪಟ್ಟಿಗಳು ಲಂಬವಾಗಿರಲಿ, ಅಡ್ಡಪಟ್ಟಿಗಳಿದ್ದರೆ ಮಕ್ಕಳಿಗೆ ಅವೇ ಏಣಿ. ಪಟ್ಟಿಗಳ ನಡುವೆ ತಲೆ ತೂರದಂತೆ ಸಂದು ಕಿರಿದಾಗಿರಲಿ. ಮೆಟ್ಟಿಲಿನ ಮೇಲ್ತುದಿಯ ಗೇಟನ್ನು ಗೋಡೆಗೆ ಸ್ಕ್ರೂ ಹಾಕಿಯೇ ಕೂರಿಸಬೇಕು. ಒತ್ತಿ ನಿಲ್ಲಿಸಿದ ಗೇಟು ಒಂದು ಮಗುವಿಗೆ ತಡೆದೀತು, ಇಬ್ಬರು ಕೂಡಿ ತಳ್ಳಿದರೆ ನಿಲ್ಲಲಾರದು.

ಈ ಕೂಡಿ ಮಾಡುವ ಕೆಲಸವೇ ಅವಳಿಗಳ ವಿಶೇಷ. ಒಂದರ ಬೆನ್ನು ಇನ್ನೊಂದಕ್ಕೆ ಮಣೆಯಾಗುತ್ತದೆ. ಒಂದು ಕಲಿತ ವಿದ್ಯೆಯನ್ನು ಮತ್ತೊಂದು ನೋಡಿಯೇ ಕಲಿಯುತ್ತದೆ. ಕಪಾಟಿನ ಕೆಳಗಿನ ಖಾನೆಯನ್ನು ಎಳೆದು ಇಬ್ಬರೂ ಅದರ ಮೇಲೆ ಹತ್ತಿದರೆ ಕಪಾಟೇ ಮುಂದಕ್ಕೆ ಮಗುಚುತ್ತದೆ. ಕಪಾಟು, ಪುಸ್ತಕದ ಸ್ಟ್ಯಾಂಡು, ಟಿ.ವಿ. ಇವನ್ನು ಲೋಹದ ಪಟ್ಟಿಯಿಂದ ಗೋಡೆಗೆ ಬಿಗಿಸುವುದು ಅರ್ಧ ದಿನದ ಕೆಲಸ.

ನೀರಿನ ವಿಷಯವನ್ನು ತುಸು ಒತ್ತಿ ಹೇಳಬೇಕಾಗಿದೆ. ನಲ್ಲಿಯಲ್ಲಿ ದಿನಬಿಟ್ಟು ದಿನ ನೀರು ಬರುವ ನಮ್ಮ ಊರುಗಳಲ್ಲಿ ಬಕೆಟು, ಹಂಡೆ, ಡ್ರಮ್ಮು ಸದಾ ತುಂಬಿರುತ್ತವೆ. ಈ ವಯಸ್ಸಿನ ಮಗುವಿಗೆ ದೇಹದ ಅಳತೆಗೆ ತಲೆ ಭಾರ. ಬಗ್ಗಿ ನೋಡುವಾಗ ತಲೆಕೆಳಗಾದರೆ ಅದು ತಾನಾಗಿ ಮೇಲೇಳಲಾರದು, ಕೂಗಲೂ ಆರದು. ಎರಡು ಅಂಗುಲ ನೀರೇ ಪ್ರಾಣಕ್ಕೆ ಎರವಾಗಲು ಸಾಕು. ಬಚ್ಚಲಿನ ಬಾಗಿಲಿಗೆ ಮೇಲ್ಭಾಗದಲ್ಲಿ ಚಿಲಕವಿರಲಿ. ಬಳಸಿದ ಬಕೆಟನ್ನು ಬರಿದು ಮಾಡಿ ಬೋರಲು ಹಾಕಲಿ. ಮಕ್ಕಳನ್ನು ಎರೆಯುವಾಗ ಒಂದೊಂದಾಗಿ ಎರೆಯಬೇಕು, ಇನ್ನೊಂದು ಗೇಟಿನ ಒಳಗಿರಬೇಕು. ನಡುವೆ ಬಾಗಿಲು ಬಡಿದರೆ, ಫೋನು ಕೂಗಿದರೆ, ಕೂಗಲಿ.

ಬಾಯಿಗೆ ಹಾಕಿಕೊಳ್ಳುವ ವಸ್ತುಗಳಲ್ಲಿ ಶೇಂಗಾ, ಪುಟಾಣಿ, ಗುಂಡಿಗಳನ್ನು ಎಲ್ಲರೂ ಬಲ್ಲರು. ದೇವರ ಮನೆಯ ಕರ್ಪೂರವನ್ನು ಬಲ್ಲವರು ಕಡಮೆ. ಕಲ್ಲುಸಕ್ಕರೆಯಂತೆ ಕಾಣುವ ಅದು ಸ್ವಲ್ಪವೇ ಹೊಟ್ಟೆಗೆ ಹೋದರೂ ಎಳೆಯ ಮಗುವಿಗೆ ಸೆಳವು ಬರುತ್ತದೆ. ದೀಪ ನೆಲದಿಂದ ಮೇಲೇರಲಿ, ಕರ್ಪೂರದ ಡಬ್ಬಿ ಬೀಗದೊಳಗೆ ಸೇರಲಿ. ಬಟ್ಟೆಯ ನಡುವಿನ ಡಾಂಬರ ಗುಳಿಗೆ, ಸೊಳ್ಳೆಯ ದ್ರಾವಣದ ಬಾಟಲಿ, ಅಜ್ಜ ಅಜ್ಜಿಯರ ಮಾತ್ರೆಗಳು ಇದೇ ಸಾಲಿನವು. ಆಟಿಕೆ, ರಿಮೋಟುಗಳ ಗುಂಡಿಯಾಕಾರದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಅಲ್ಲಿ ಸುಟ್ಟ ಗಾಯವಾಗತೊಡಗುತ್ತದೆ. ಮಲದಲ್ಲಿ ಹೋದೀತೆಂದು ಕಾಯುವಂತಿಲ್ಲ. ಅವಳಿಗಳಲ್ಲಿ ಡಬ್ಬಿ ತೆರೆದದ್ದು ಒಂದು, ನುಂಗಿದ್ದು ಇನ್ನೊಂದು ಆಗಿರಬಹುದು. ಯಾರು ತಿಂದರೆಂಬುದು ನಿಶ್ಚಯವಾಗದಿದ್ದರೆ ಇಬ್ಬರನ್ನೂ, ಆ ಡಬ್ಬಿಯನ್ನೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕರ್ನಾಟಕದಲ್ಲಿ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸು ಬರುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿಯನ್ನು ಬಿಟ್ಟುಬಿಡಬೇಕು. ಸೀಮೆಎಣ್ಣೆ ಕುಡಿದ ಮಗುವಿಗಂತೂ ವಾಂತಿಯಿಂದ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ.

ತೊಟ್ಟಿಲ ಬಗೆಗೆ ಒಂದು ಮಾತು. ಮಗು ಎದ್ದು ಕೂಡಲು ಕಲಿತ ದಿನವೇ ತೂಗುತೊಟ್ಟಿಲಿಗೆ ವಿದಾಯ ಹೇಳಬೇಕು. ಅವಳಿಗಳಿರುವಲ್ಲಿ ಇನ್ನೂ ಒಂದು ಕಾರಣವಿದೆ: ಒಂದು ತೊಟ್ಟಿಲಲ್ಲಿ ತೂಗುತ್ತಿರುವಾಗ ಮತ್ತೊಂದು ತೆವಳುತ್ತ ಅದರ ಕೆಳಗೆ ಬರುತ್ತದೆ, ತೊಟ್ಟಿಲ ಅಂಚು ನೇರವಾಗಿ ಅದರ ತಲೆಗೇ ಬಡಿಯುತ್ತದೆ. ನಾಮಕರಣದಲ್ಲಿ ಬಂಧುಗಳು ಪ್ರೀತಿಯಿಂದ ಕೊಟ್ಟ ಗಾಲಿಯ ವಾಕರ್‌ಗಳನ್ನೂ ಬಳಸದಿರುವುದೇ ಲೇಸು. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮಗು ಮೆಟ್ಟಿಲನ್ನೂ ಒಲೆಯನ್ನೂ ಬೇಗ ಮುಟ್ಟುತ್ತದೆ. ಕೆನಡಾ ದೇಶವು 2004ರಲ್ಲಿ ಇವುಗಳ ಮಾರಾಟವನ್ನೇ ನಿಷೇಧಿಸಿತು.

ಒಬ್ಬಳೇ ತಾಯಿ ಇರುವ ಮನೆಗಿಂತ ಹಬ್ಬದ ದಿನ ತುಂಬಿದ ಮನೆಯಲ್ಲಿ ಅಪಾಯ ಕಡಮೆಯೆಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ಅತ್ತೆಯವರು ನೋಡುತ್ತಿದ್ದಾರೆಂದು ಸೊಸೆ, ನಾದಿನಿಯ ಬಳಿ ಇದೆಯೆಂದು ಅತ್ತೆ, ಅಣ್ಣನ ಮಕ್ಕಳು ಆಡಿಸುತ್ತಿದ್ದಾರೆಂದು ನಾದಿನಿ: ಹೀಗೆ ಹತ್ತು ಮಂದಿಯ ನಡುವೆ ಮಗು ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ನೆಂಟರು ಬಂದ ದಿನ ಪ್ರತಿ ಮಗುವಿಗೂ ಒಬ್ಬ ಹಿರಿಯರನ್ನು ಹೆಸರು ಹಿಡಿದು ನೇಮಿಸಬೇಕು. ಕೈ ಬದಲಾಗುವಾಗ "ಈಗ ಈ ಕೂಸು ನಿಮ್ಮದು, ಅತ್ತಿಗೆ" ಎಂದು ಬಾಯಿಬಿಟ್ಟು ಹೇಳಿ, ಅವರು ಹೂಂ ಎಂದ ಮೇಲೆಯೇ ಏಳಬೇಕು. ಎಂಟು ಹತ್ತು ವರ್ಷದ ಅಕ್ಕನಿಗೆ ಆಡಿಸುವ ಕೆಲಸ ಕೊಡಬಹುದು, ಕಾಯುವ ಹೊಣೆ ಸಲ್ಲದು.

ಗೇಟು ಎಷ್ಟು ಕಾಲ ಇರಬೇಕೆಂದು ಕೇಳುವವರುಂಟು. ಸುಮಾರು ಎರಡು ವರ್ಷದ ಹೊತ್ತಿಗೆ ಇಬ್ಬರಲ್ಲಿ ಒಂದು ಅದನ್ನು ಹತ್ತಿ ಆಚೆ ಇಳಿಯಲು ಕಲಿಯುತ್ತದೆ. ಅಂದೇ ಅದನ್ನು ಕಳಚಿಡಬೇಕು. ಹತ್ತಬಲ್ಲ ಮಗುವಿಗೆ ಗೇಟು ಬೀಳುವ ಎತ್ತರವನ್ನು ಮಾತ್ರ ಹೆಚ್ಚಿಸುತ್ತದೆ.