ಮೈ ಆಡುವ ಮಾತಿಗೆ ಅನುವಾದಕರು ಬೇಕು

ಕಾವ್ಯಮೀಮಾಂಸೆಯ ತರಗತಿಯಲ್ಲಿ ಪ್ರತಿವರ್ಷ ಎಂಟು ಸಾತ್ತ್ವಿಕ ಭಾವಗಳನ್ನು ನಿಮ್ಮಿಂದ ಬಾಯಿಪಾಠ ಮಾಡಿಸುತ್ತೇನೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ. ಮೈ ಮರಗಟ್ಟುವುದು, ಬೆವರುವುದು, ರೋಮ ನಿಮಿರುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರಿಡುವುದು, ಎಚ್ಚರ ತಪ್ಪುವುದು. ಮನಸ್ಸು ಆ ಭಾವದಲ್ಲಿ ನೆಲೆನಿಂತ ಹೊರತು ಇವು ಮೈಯಲ್ಲಿ ಮೂಡಲಾರವು ಎಂಬುದು ಭರತನ ನಿಲುವು. ಪರೀಕ್ಷೆಯಲ್ಲಿ ನೀವು ಇದನ್ನು ಚೆನ್ನಾಗಿಯೇ ಬರೆಯುತ್ತೀರಿ. ಆದರೆ ಮನೆಯಲ್ಲಿ ಅಜ್ಜಿಯೋ ಕಾಕಾನೋ ಕಾರಣ ಕಾಣದೆ ಬೆವರಿ ನಡುಗಿದರೆ ನಾವು ಆಡುವ ಮಾತು ಬೇರೆ: “ಸುಮ್ನ ನಾಟಕ ಮಾಡ್ತಾರ.” ರಂಗದ ಮೇಲೆ ಸತ್ಯವೆಂದು ಒಪ್ಪಿದ್ದನ್ನು ಮನೆಯೊಳಗೆ ನಾಟಕವೆಂದು ತಳ್ಳಿಹಾಕುತ್ತೇವೆ. ಈ ತಪ್ಪನ್ನು ಕುರಿತು ಎರಡು ಮಾತು ಬರೆಯಬೇಕೆನಿಸಿದೆ. ನಾನೂ ಅದರಲ್ಲಿ ಭಾಗಿಯಾದವನೇ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಕೆಲವೇ ನಿಮಿಷ ಮೊದಲು, ಲಾತೂರ್ ಜಿಲ್ಲೆಯ ಕಿಲ್ಲಾರಿ ಪರಿಸರದಲ್ಲಿ ಭೂಮಿ ನಡುಗಿತು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿಯನ್ನು ಕಳುಹಿಸಿ ತಡರಾತ್ರಿ ಮನೆಗೆ ಮರಳಿದ ಜನ ಗಾಢ ನಿದ್ರೆಯಲ್ಲಿದ್ದರು. ದಪ್ಪ ಕಲ್ಲುಮಣ್ಣಿನ ಗೋಡೆ, ಮರದ ತೊಲೆಗಳ ಮೇಲೆ ಹೊರೆಹೊರೆ ಮಣ್ಣು ಹೊತ್ತ ಮಾಳಿಗೆ: ಬೇಸಿಗೆಯಲ್ಲಿ ತಂಪು ನೀಡುತ್ತಿದ್ದ ಆ ಮನೆಗಳೇ ಮಲಗಿದವರ ಮೇಲೆ ಕುಸಿದವು. ಲಾತೂರ್ ಹಾಗೂ ಅಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಜನ ತೀರಿಕೊಂಡರು. ನಾನಾಗ ಸೊಲ್ಲಾಪುರದಲ್ಲಿ ಓದುತ್ತಿದ್ದೆ. ಅಲ್ಲಿಯೂ ಪಾತ್ರೆಗಳು ಉರುಳಿ ನಾವೆಲ್ಲ ಬೀದಿಗೆ ಓಡಿಬಂದೆವು.

ನನ್ನ ಸೋದರತ್ತೆಯನ್ನು ಉಮರ್ಗಾ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿತ್ತು. ಮಾಳಿಗೆಯಡಿ ಸಿಕ್ಕವಳನ್ನು ಬೆಳಕು ಹರಿದ ಮೇಲೆ ಹೊರತೆಗೆದರು. ಗಂಡ ಉಳಿಯಲಿಲ್ಲ. ಮುರಿದ ಎಡಗೈ ಮೂರು ತಿಂಗಳಲ್ಲಿ ಕೂಡಿತು. ತಗಡಿನ ಶೆಡ್ಡಿನಲ್ಲಿ ಇಬ್ಬರು ಮಕ್ಕಳೊಡನೆ ಸಂಸಾರ ಹೂಡಿದಳು. ರೊಟ್ಟಿ ಬಡಿದಳು, ಹೊಲಕ್ಕೆ ಹೋದಳು. ಅತ್ತದ್ದನ್ನು ಯಾರೂ ಕಾಣಲಿಲ್ಲ. “ಗಟ್ಟಿ ಜೀವ” ಎಂದು ಬಂಧುಗಳೆಲ್ಲ ಹೊಗಳಿದರು. ಕೆಲವು ವರ್ಷಗಳ ಬಳಿಕ ಪುನರ್ವಸತಿಯ ಪಕ್ಕಾ ಮನೆ ಕೈಗೆ ಬಂತು. ಹಾಲುಕ್ಕಿಸಿ ಒಳಹೊಕ್ಕ ತಿಂಗಳಲ್ಲಿಯೇ ಅವಳ ಮೈ ಕೆಟ್ಟಿತು. ಕುಕ್ಕರ್ ಕೂಗಿದರೆ, ರಸ್ತೆಯಲ್ಲಿ ಲಾರಿ ಹಾದರೆ ಬೆಚ್ಚಿಬೀಳುವಳು. ಅಂಗೈ ಬೆವರಿ ಹಿಟ್ಟು ನಾದಲಾಗದು. ಉಂಡದ್ದು ಹೊಟ್ಟೆಯಲ್ಲಿ ನಿಲ್ಲದು. ಕುತ್ತಿಗೆ ಬೆನ್ನು ಬಿಗಿದು ಮರಗಟ್ಟಿರುವವು. ಸ್ಲ್ಯಾಬಿನ ಕೆಳಗೆ ಮಲಗಲಾರದೆ ಅಂಗಳದಲ್ಲಿ ಕಂಬಳಿ ಹಾಸುವಳು. ಅಲ್ಲಿಯೂ ನಾಲ್ಕಕ್ಕೆ ಮುನ್ನ ಎಚ್ಚರ. “ಎಲ್ಲಾ ಮುಗದ ಮ್ಯಾಗ ಈಗ್ಯಾಕ ಇದು?” ಎಂದು ಮನೆಯವರು ಕೇಳಿದರು. ನಾನೂ ಕೇಳಿದೆ.

ಅವಳನ್ನು ಆಸ್ಪತ್ರೆಗೆ ಕರೆದೊಯ್ಯುವ ಹೊಣೆ ನನ್ನ ಮೇಲೆ ಬಂತು. ಅವಳ ಕನ್ನಡ ವೈದ್ಯರಿಗೆ ತಿಳಿಯದು, ಅವಳ ಮರಾಠಿ ಸಂತೆಯ ಮಟ್ಟದ್ದು. ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ, ಮುಂದೆ ಮರಾಠಿ ಶಾಲೆಯಲ್ಲಿ ಕಲಿತ ನಾನು ದುಭಾಷಿ. “ಎದಿ ಮ್ಯಾಲ ಮಣ್ಣು ಉದುರಿದಂಗ ಆಗ್ತದ ತಮ್ಮಾ. ಮೊದಲ ಸಣ್ಣಗ, ಆಮ್ಯಾಲ ಜೋರಾಗಿ” ಎಂದಳು. ನಾನು ವೈದ್ಯರ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದ್ದು ಎರಡೇ ಪದ: ಎದೆ ನೋಯುತ್ತದಂತೆ. ಹಳ್ಳಿಯ ಹೆಂಗಸಿನ ಮಾತನ್ನು ಹಾಗೆಯೇ ಹೇಳಲು ನನಗೆ ಸಂಕೋಚವಾಗಿತ್ತು. ಇಸಿಜಿ ತೆಗೆದರು, ಹೃದಯ ಸರಿಯಿತ್ತು. ಏನೂ ಇಲ್ಲ ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅವರಿಗೆ ತಲುಪಿದ ಮಾತಿನಲ್ಲಿಯೇ ತಪ್ಪಿತ್ತು. ಅಂದಿನಿಂದ ಮನೆಯಲ್ಲಿ ಅತ್ತೆಯ ಕಾಯಿಲೆಗೆ “ಏನೂ ಇಲ್ಲದ್ದು” ಎಂಬ ಹೆಸರೇ ನಿಂತಿತು. ಒಂದು ವರ್ಷದ ಮೇಲೆ ಇನ್ನೊಂದೆಡೆ ಆಳಂದದ ಕಡೆಯ ನರ್ಸ್ ಒಬ್ಬರು ಕನ್ನಡದಲ್ಲಿಯೇ ಕೇಳಿದರು: “ಯಾವ ಮಣ್ಣವ್ವ ಅದು? ಎಲ್ಲಿಂದ ಬೀಳ್ತದ?” ಅತ್ತೆ ಉತ್ತರಿಸಿದಳು: “ನಮ್ಮ ಮಾಳಿಗೀದು.” ತೊಲೆ ಬೀಳುವ ಮುನ್ನ ಮಲಗಿದ್ದವಳ ಎದೆಯ ಮೇಲೆ ಮೊದಲು ಉದುರಿದ್ದು ಮಾಳಿಗೆಯ ಮಣ್ಣು. ನಾನು ಕೈಬಿಟ್ಟ ಆ ಒಂದು ಪದದಲ್ಲಿಯೇ ಕಾಯಿಲೆಯ ಸುಳಿವಿತ್ತು.

ವೈದ್ಯಶಾಸ್ತ್ರ ಇದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತದೆ. ಪಿಟಿಎಸ್‌ಡಿ ಎಂಬುದು ಬಳಕೆಯ ಹೆಸರು. ಆಘಾತಕ್ಕೆ ಸಿಲುಕಿದ ಬಹುಪಾಲು ಜನ ಕಾಲಕ್ರಮದಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಕೆಲವರಲ್ಲಿ ಮಾತ್ರ ಲಕ್ಷಣಗಳು ತಿಂಗಳು ಮೀರಿ ಉಳಿಯುತ್ತವೆ. ಆರು ತಿಂಗಳು ಕಳೆದ ಬಳಿಕವೇ ಪೂರ್ಣರೂಪದಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಮಿದುಳಿನಲ್ಲಿ ಅಮಿಗ್ಡಲಾ ಎಂಬ ಬಾದಾಮಿ ಗಾತ್ರದ ಭಾಗವಿದೆ. ಅಪಾಯವನ್ನು ಗುರುತಿಸಿ ಮೈಯನ್ನು ಎಚ್ಚರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಅದರ ಕರೆ ಬಂದೊಡನೆ ಅಡ್ರಿನಲಿನ್ ಹರಿಯುತ್ತದೆ, ಎದೆ ಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ. ಓಡಿ ಪಾರಾಗಲು ಬೇಕಾದ ಸಿದ್ಧತೆಯಿದು. ಆಘಾತವುಂಡ ಮೈಯಲ್ಲಿ ಈ ಕಾವಲುಗಾರ ನಿದ್ರಿಸುವುದನ್ನೇ ಮರೆಯುತ್ತಾನೆ. ಲಾರಿಯ ಗುಡುಗು ಕೇಳಿದರೂ ಭೂಮಿ ನಡುಗಿತೆಂದೇ ಕೂಗುತ್ತಾನೆ. ತಿಂಗಳುಗಟ್ಟಲೆ ಬಿಗಿದ ಸ್ನಾಯು ನೋಯದೆ ಇರುವುದೆಂತು? ಕೆಟ್ಟ ನಿದ್ರೆ, ತಲೆನೋವು, ಹೊಟ್ಟೆಯ ಸಂಕಟ, ಅಕಾರಣ ದಣಿವು ಎಲ್ಲವೂ ಇದರ ಬೆನ್ನಿಗೇ ಬರುತ್ತವೆ. ಇವು ಕಲ್ಪನೆಯ ನೋವುಗಳಲ್ಲ, ಮೈಯಲ್ಲಿಯೇ ಆಗುವ ನೋವುಗಳು.

ಚೇತರಿಕೆಯ ಕಾಲದಲ್ಲಿ ಇವು ಒಂದೇ ಸಮನೆ ಇಳಿಯುತ್ತ ಹೋಗುವುದಿಲ್ಲ ಎಂಬುದು ನಾವು ಅರಿಯದ ಇನ್ನೊಂದು ಸಂಗತಿ. ನರ್ಸ್ ಕೇಳಿದ ಆ ಪ್ರಶ್ನೆಯ ಬಳಿಕ ಅತ್ತೆಗೆ ಮನೋವೈದ್ಯರ ಚಿಕಿತ್ಸೆ ದೊರೆಯಿತು; ಮಾತ್ರೆಯೂ ಇತ್ತು, ಮಾತೂ ಇತ್ತು. ಆ ರಾತ್ರಿಯನ್ನು ಬಾಯಿಬಿಟ್ಟು ಹೇಳತೊಡಗಿದ ಮೊದಲ ವಾರಗಳಲ್ಲಿ ನಡುಕ ಹೆಚ್ಚಿತು, ಕನಸುಗಳು ಮರಳಿದವು. “ಔಷಧ ತಗೊಂಡು ಇನ್ನಷ್ಟು ಕೆಟ್ಟಾಳ” ಎಂದು ಮನೆಯವರು ನಿಲ್ಲಿಸಲು ಹೊರಟರು. ನಿಲ್ಲಿಸಬೇಡಿ ಎಂದು ತಡೆದವರು ಅದೇ ನರ್ಸ್. ಮುಚ್ಚಿಟ್ಟದ್ದನ್ನು ತೆರೆಯುವಾಗ ಕೆಲವರಲ್ಲಿ ಲಕ್ಷಣಗಳು ಸ್ವಲ್ಪ ಕಾಲ ಏರಿ ಆಮೇಲೆ ಇಳಿಯುತ್ತವೆ. ವರ್ಷದಲ್ಲಿ ಅದೇ ದಿನ ಬಂದಾಗ ಮರುಕಳಿಸುವುದೂ ಉಂಟು. ಅತ್ತೆಯ ಮೈಗೆ ಸೆಪ್ಟೆಂಬರ್ ಮೂವತ್ತು ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ತಿಥಿ. ವಿಸರ್ಜನೆಯ ಡೋಲು ತಾಷಾ ಸದ್ದು ಅಡಗಿದ ಮೇಲಿನ ಆ ಮೌನ ಅವಳನ್ನು ಅಲುಗಿಸುತ್ತದೆ. ಇದನ್ನು ಕಂಡು “ಗುಣವೇ ಆಗಿಲ್ಲ” ಎಂದು ತೀರ್ಪು ಕೊಡುವುದು ಅನ್ಯಾಯ. ಮೂಳೆ ಕೂಡಿದ ಕೈ ಚಳಿಗಾಲದಲ್ಲಿ ಜಿಗಿದರೆ ಕೈ ಮತ್ತೆ ಮುರಿಯಿತೆಂದು ಯಾರಾದರೂ ಹೇಳುತ್ತಾರೆಯೇ?

“ಹಿಂದಿನವರು ಎಂತೆಂಥದನ್ನೋ ಸಹಿಸಿದರು, ಈ ಹೊಸ ಹೆಸರಿನ ರೋಗಗಳು ಅವರಿಗಿರಲಿಲ್ಲ” ಎಂದು ಹಿರಿಯರು ಕೆಲವರು ಹೇಳುವುದುಂಟು. ಹೆಸರು ಹೊಸದು ನಿಜ; ಅಮೆರಿಕದ ಮನೋವೈದ್ಯರ ಅಧಿಕೃತ ರೋಗಪಟ್ಟಿಗೆ ಅದು ಸೇರಿದ್ದು 1980ರಲ್ಲಿ. ಆದರೆ ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಎದೆ ಬಡಿತ, ಎದೆ ನೋವು, ದಣಿವುಗಳನ್ನು ಕಂಡು ಡಾ ಕೋಸ್ಟಾ ಎಂಬ ವೈದ್ಯ ಬರೆದದ್ದು 1871ರಲ್ಲಿ. ಮೊದಲ ಮಹಾಯುದ್ಧದ ಕಂದಕಗಳಿಂದ ನಡುಗುತ್ತ ಬಂದವರ ಸ್ಥಿತಿಯನ್ನು ಚಾರ್ಲ್ಸ್ ಮೈಯರ್ಸ್ 1915ರಲ್ಲಿ ‘ಶೆಲ್ ಶಾಕ್’ ಎಂಬ ಹೆಸರಿನಡಿ ವರ್ಣಿಸಿದ. ಅಂಥ ಸೈನಿಕರಲ್ಲಿ ಹಲವರನ್ನು ಹೇಡಿಗಳೆಂದು ಹಳಿದರು. ಹೆಸರಿಲ್ಲದಿದ್ದಾಗಲೂ ನೋವು ಇದ್ದೇ ಇತ್ತು. ಹೆಸರಿಲ್ಲದ ನೋವಿಗೆ ಕರುಣೆಯ ಬದಲು ಅಪವಾದ ದೊರೆಯಿತು, ಅಷ್ಟೆ.

ನಮ್ಮ ಭಾಷೆಗಳಲ್ಲಿ ಈ ಅರಿವು ಮೊದಲಿನಿಂದಲೂ ಇದೆ. ಕನ್ನಡದಲ್ಲಿ ಎದೆ ‘ಧಸಕ್ಕೆನ್ನುತ್ತದೆ’. ಅದು ಕ್ಷಣದ ಮಾತು. ಅದೇ ದನಿಯ ‘ಧಸಕಾ’ ಮರಾಠಿಯಲ್ಲಿ ನಾಮಪದವಾಗಿ ನಿಲ್ಲುತ್ತದೆ. ಒಬ್ಬ ‘ಧಸಕಾ ತೆಗೆದುಕೊಂಡ’ ಎಂದರೆ ಭಯ ಅವನೊಳಗೆ ಮನೆಮಾಡಿತು, ಹೋಗಲಿಲ್ಲ ಎಂದರ್ಥ. ಅದಕ್ಕೆ ಸಮನಾಗಿ ನಮ್ಮ ಅಕ್ಕಲಕೋಟೆಯ ಮುದುಕಿಯರು “ಎದ್ಯಾಗ ಅಂಜಿಕಿ ಕುಂತದ” ಎನ್ನುತ್ತಾರೆ. ಬಂದು ಹೋಗುವ ಭಯವೇ ಬೇರೆ, ಕುಳಿತ ಭಯವೇ ಬೇರೆ. ಈ ವ್ಯತ್ಯಾಸವನ್ನು ಅವರು ಯಾವ ಗ್ರಂಥದಿಂದಲೂ ಕಲಿತವರಲ್ಲ. ವಿದ್ಯಾವಂತರಾದ ನಾವು ಈ ಎಲ್ಲವನ್ನೂ ‘ಟೆನ್ಶನ್’ ಎಂಬ ಒಂದೇ ಪದದಲ್ಲಿ ಅದ್ದಿ ತೆಗೆಯುತ್ತೇವೆ.

ಇದು ವೈದ್ಯರ ಕೆಲಸ, ಕನ್ನಡ ವಿಭಾಗಕ್ಕೇನು ಸಂಬಂಧ ಎಂದು ನೀವು ಕೇಳಬಹುದು. ಚಿಕಿತ್ಸೆ ವೈದ್ಯರದೇ, ಅದರಲ್ಲಿ ಎರಡು ಮಾತಿಲ್ಲ. ಎದೆ ನೋವೆಂದರೆ ಮೊದಲು ಹೃದಯವನ್ನೇ ಪರೀಕ್ಷಿಸಬೇಕು, ಎಲ್ಲವನ್ನೂ ಮನಸ್ಸಿನ ಲೆಕ್ಕಕ್ಕೆ ಬರೆಯುವುದೂ ಅಪಾಯವೇ. ಆದರೆ ಈ ಕಾಯಿಲೆಯನ್ನು ಖಚಿತವಾಗಿ ತೋರಿಸುವ ರಕ್ತಪರೀಕ್ಷೆಯಿಲ್ಲ, ಎಕ್ಸ್‌ರೇ ಇಲ್ಲ. ರೋಗಿ ಹೇಳಿದ್ದು, ವೈದ್ಯ ಕೇಳಿದ್ದು: ನಿದಾನ ನಿಂತಿರುವುದು ಇವುಗಳ ಮೇಲೆ. ಗಡಿಯಾಚೆಯ ಕನ್ನಡಿಗರಾದ ನಮಗೆ ಆ ಎರಡರ ನಡುವೆ ಇನ್ನೊಂದು ಭಾಷೆಯಿದೆ. ಶಾಲೆ, ಕಚೇರಿ, ನಾಮಫಲಕಗಳಲ್ಲಿ ಕನ್ನಡ ಬೇಕೆಂದು ನಾವು ಕೇಳುತ್ತೇವೆ, ಕೇಳಲೇಬೇಕು. ಆಸ್ಪತ್ರೆಯ ಮೇಜಿನ ಎದುರು ನಮ್ಮವರ ಕನ್ನಡ ಸೋರಿಹೋಗುವುದನ್ನು ಕುರಿತು ಮಾತ್ರ ನಾವು ಮಾತನಾಡುವುದೇ ಇಲ್ಲ. ಅಲ್ಲಿ ದುಭಾಷಿಯಾಗಿ ನಿಲ್ಲುವವರು ಬೇರಾರೂ ಅಲ್ಲ, ನೀವೇ.

ಆದ್ದರಿಂದ ನನ್ನ ಸೂಚನೆ ಇಷ್ಟು. ಮುಂದಿನ ಸಲ ಹಿರಿಯರೊಡನೆ ಆಸ್ಪತ್ರೆಗೆ ಹೋದಾಗ ಅವರ ಮಾತನ್ನು ಸಂಕ್ಷೇಪಿಸಬೇಡಿ. ಮಣ್ಣೆಂದರೆ ಮಣ್ಣೆಂದೇ ಹೇಳಿರಿ, ಬೆಂಕಿಯೆಂದರೆ ಬೆಂಕಿಯೆಂದೇ ಹೇಳಿರಿ. ಅದು ಯಾವ ಹೊತ್ತಿಗೆ, ಯಾವ ಸದ್ದಿಗೆ, ಯಾವ ವಾಸನೆಗೆ ಬರುತ್ತದೆಂದು ಅವರನ್ನು ಕೇಳಿ ಅದನ್ನೂ ತಿಳಿಸಿರಿ. ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿ. ಈ ವರ್ಷದ ಕ್ಷೇತ್ರಕಾರ್ಯಕ್ಕೆ ಗಾದೆ ಒಗಟುಗಳ ಜೊತೆಗೆ ಮೈನೋವಿನ ಮಾತುಗಳನ್ನೂ ಸಂಗ್ರಹಿಸೋಣ. ಎದೆ ಹಾರುವುದು, ಜೀವ ಝಲ್ಲೆನ್ನುವುದು, ಹೊಟ್ಟೆಯಲ್ಲಿ ಕಲಸಿದಂತಾಗುವುದು, ಕೈಕಾಲು ಸೋಲುವುದು, ಗಂಟಲು ಕಟ್ಟುವುದು: ಪ್ರತಿಯೊಂದರ ಎದುರಿಗೆ ಸರಿಯಾದ ಮರಾಠಿ ಪದವನ್ನಿಟ್ಟು ಒಂದು ಸಣ್ಣ ಕೈಪಿಡಿಯನ್ನು ತಾಲ್ಲೂಕು ಆಸ್ಪತ್ರೆಗೆ ಕೊಡೋಣ. ವಿಭಾಗದ ಬೇರೆ ಪ್ರಕಟಣೆಗಳಿಗಿಂತ ಅದು ಹೆಚ್ಚು ಬಳಕೆಯಾದರೆ ನನಗೆ ಆಶ್ಚರ್ಯವಿಲ್ಲ.

ಅತ್ತೆಗೆ ಈಗ ಎಪ್ಪತ್ತು ದಾಟಿದೆ. ಸ್ಲ್ಯಾಬಿನ ಕೆಳಗೇ ಮಲಗುತ್ತಾಳೆ, ಬಾಗಿಲ ಬಳಿ. ಕಳೆದ ಅನಂತ ಚತುರ್ದಶಿಯ ರಾತ್ರಿ ನಾನು ಅಲ್ಲಿದ್ದೆ. ನಾಲ್ಕಕ್ಕೆ ಮುನ್ನ ಎದ್ದು ಕುಳಿತವಳ ಕೈ ನಡುಗುತ್ತಿತ್ತು. ಒಂದು ತಂಬಿಗೆ ನೀರು ಕೊಟ್ಟು ಪಕ್ಕದಲ್ಲಿ ಕುಳಿತೆ. “ಮಣ್ಣು ಬಿತ್ತೇನತ್ತಿ?” ಎಂದು ಕೇಳಿದೆ. “ಹ್ಞೂಂ, ಬಿತ್ತು. ಸಣ್ಣಗ. ಹೋಗ್ತದ” ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಮಲಗಿದಳು. ಇಪ್ಪತ್ತು ವರ್ಷಗಳಿಗೂ ಹಿಂದೆ ನಾನು ತಪ್ಪಾಗಿ ಅನುವಾದಿಸಿದ ಆ ವಾಕ್ಯವನ್ನು ಆ ರಾತ್ರಿ ಅನುವಾದಿಸದೆ ಕೇಳಿಸಿಕೊಂಡೆ.