ಹೆದರಿಸುವ ಆಟ ನಮಗೆ ಬೇಕೇ?



ಅಮೆರಿಕದಲ್ಲಿ ನೆಲೆಸಿರುವ ನಮ್ಮ ಓದುಗ ಸಹೋದರಿಯೊಬ್ಬರು ಕೇಳಿದ್ದಾರೆ: "ಅಕ್ಟೋಬರ್ ಬಂತೆಂದರೆ ಇಲ್ಲಿ ಮನೆಮನೆಯ ಮುಂದೆ ಭೂತ, ಅಸ್ಥಿಪಂಜರ. ನಮ್ಮ ಬಾಗಿಲಿಗೂ ಒಂದು ಮಾಡಿ ಕೊಡಮ್ಮಾ ಎಂದು ಮಗ ಹಠ ಹಿಡಿದಿದ್ದಾನೆ. ಏನು ಹೇಳಲಿ?"

ಅದು ಅಕ್ಟೋಬರ್ 31ರ ರಾತ್ರಿಯ ಹ್ಯಾಲೋವೀನ್ ಆಚರಣೆ. ಸತ್ತವರ ಆತ್ಮಗಳು ಅಂದು ಮರಳಿ ಬರುತ್ತವೆ ಎಂಬ ಐರ್ಲೆಂಡ್ ಕಡೆಯ ಹಳೆಯ ನಂಬಿಕೆಯೊಂದಿಗೆ ಅದಕ್ಕೆ ನಂಟಿದೆ. ಅಲ್ಲಿನ ಜನರು ಟರ್ನಿಪ್ ಗಡ್ಡೆಯಲ್ಲಿ ವಿಕಾರ ಮುಖ ಕೊರೆದು ದೀಪ ಇಡುತ್ತಿದ್ದರು. ಅವರು ಅಮೆರಿಕಕ್ಕೆ ವಲಸೆ ಹೋದಾಗ ಗಡ್ಡೆಯ ಜಾಗಕ್ಕೆ ಕುಂಬಳಕಾಯಿ ಬಂತು. ಇಂದು ಹಳೆಯ ಬೆಡ್‌ಶೀಟಿನಿಂದ ಭೂತ, ಹತ್ತಿ ಎಳೆದು ಜೇಡರ ಬಲೆ, ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಬೆರೆಸಿ ರಕ್ತ, ಎಲ್ಲವೂ ಮನೆಯಲ್ಲೇ ತಯಾರಾಗುತ್ತವೆ.

ಇದು ಬರೀ ತಮಾಷೆಯಾಗಿಯೇ ಉಳಿಯುವುದಿಲ್ಲ. 2014ರಲ್ಲಿ ಬ್ರಿಟನ್ನಿನ ಬಾಲಕಿಯೊಬ್ಬಳ ಮಾಟಗಾತಿ ಉಡುಪಿಗೆ ಮೊಂಬತ್ತಿಯ ಬೆಂಕಿ ತಗುಲಿ ತೀವ್ರ ಸುಟ್ಟ ಗಾಯಗಳಾದವು. ಹೊರಗೆ ಕಟ್ಟಿದ ಕೃತಕ ಬಲೆಗೆ ಹಕ್ಕಿಗಳು ಸಿಕ್ಕಿ ಒದ್ದಾಡುವುದೂ ಉಂಟು.

ಆದರೆ ನಮಗೆ ಇದಕ್ಕಿಂತ ದೊಡ್ಡ ಮಾತೊಂದಿದೆ. ಪ್ರವಾದಿ(ಸ)ರ ಜೊತೆ ಪ್ರಯಾಣದಲ್ಲಿದ್ದ ಅನುಚರರೊಬ್ಬರು ನಿದ್ದೆ ಹೋಗಿದ್ದರು. ಅವರ ಬಳಿಯಿದ್ದ ಹಗ್ಗವನ್ನು ಇನ್ನೊಬ್ಬರು ತೆಗೆದಾಗ ಅವರು ಬೆಚ್ಚಿಬಿದ್ದರು. ಮುಸ್ಲಿಮನೊಬ್ಬನನ್ನು ಹೀಗೆ ಹೆದರಿಸುವುದು ಸಮ್ಮತವಲ್ಲವೆಂದು ಪ್ರವಾದಿ(ಸ) ತಿಳಿಸಿದರು. ಅಬೂದಾವೂದ್‌ನಲ್ಲಿ ಈ ಘಟನೆಯಿದೆ. ಒಂದು ಹಗ್ಗದ ವಿಷಯದಲ್ಲೇ ಇಷ್ಟು ಎಚ್ಚರವೆಂದರೆ, ಬೇಕೆಂದೇ ಹೆದರಿಸಲು ಮಾಡಿದ ಬೊಂಬೆಗಳ ಬಗ್ಗೆ ಏನು ಹೇಳೋಣ?

ಊರಿನಲ್ಲಿರುವ ಸಹೋದರಿಯರೇ, ಇದು ಅಮೆರಿಕದ ಮಾತು ಎಂದು ಪುಟ ತಿರುಗಿಸಬೇಡಿ. "ಊಟ ಮಾಡು, ಇಲ್ಲದಿದ್ದರೆ ಗುಮ್ಮ ಬರ್ತಾನೆ", "ಮಲಗು, ಶೈತಾನ್ ಹಿಡ್ಕೊಂಡು ಹೋಗ್ತಾನೆ" ಎಂದು ನಾವು ಹೇಳುವುದಿಲ್ಲವೇ? ಅಲ್ಲಿ ವರ್ಷಕ್ಕೊಮ್ಮೆ ಭೂತ ಕಟ್ಟುತ್ತಾರೆ; ನಾವು ದಿನವೂ ಒಂದು ತುತ್ತು ಅನ್ನಕ್ಕಾಗಿ ಮಗುವಿನ ಎದೆಯಲ್ಲಿ ಗುಮ್ಮನನ್ನು ಕೂರಿಸುತ್ತೇವೆ. ಕತ್ತಲೆಗೆ ಅಂಜುವ ಮಗು ಆ ಅಂಜಿಕೆಯನ್ನು ಎಷ್ಟೋ ಸಲ ನಮ್ಮ ಬಾಯಿಂದಲೇ ಕಲಿತಿರುತ್ತದೆ.

ಆ ಸಹೋದರಿಗೆ ನಮ್ಮ ಸಲಹೆ ಇಷ್ಟೇ. ಬರೀ "ಬೇಡ" ಎಂದು ಗದರಿಸಬೇಡಿ. ಕೈಯಿಂದ ಏನಾದರೂ ಮಾಡಬೇಕೆಂಬ ಮಗನ ಆಸೆ ಒಳ್ಳೆಯದೇ. ಕತ್ತರಿ, ಬಣ್ಣದ ಕಾಗದ, ರಟ್ಟು ಕೊಡಿ. ಈದ್‌ಗೆಂದು ಚಂದ್ರ, ನಕ್ಷತ್ರ, ಲಾಂದ್ರ ಮಾಡಿಸಿ, ಒಳಗೆ ಬ್ಯಾಟರಿ ದೀಪ ಇಡಿ. ಕುಂಬಳಕಾಯಿ ಅಗ್ಗವಾಗಿ ಸಿಕ್ಕರೆ ಹಲ್ವಾ ಮಾಡಿ, ಬೇರೊಂದು ದಿನ ಮಗನ ಕೈಯಲ್ಲೇ ನೆರೆಮನೆಗೆ ಕಳಿಸಿ. ಆ ರಾತ್ರಿ ಬಾಗಿಲು ತಟ್ಟುವ ಮಕ್ಕಳಿಗೆ ಮುಖ ಗಂಟಿಕ್ಕದೆ, ನಮ್ಮಲ್ಲಿ ಈ ಆಚರಣೆಯಿಲ್ಲವೆಂದು ನಗುತ್ತಲೇ ಹೇಳಿ.

ಮಲಗುವಾಗ ಮಗುವಿನ ತಲೆ ನೇವರಿಸಿ, ಆಯತುಲ್ ಕುರ್ಸಿ ಓದಿ ಊದಿರಿ. ಅಲ್ಲಾಹನು ಕಾಯುತ್ತಾನೆಂದು ನಂಬಿದ ಮಗುವಿಗೆ ಗುಮ್ಮನ ಭಯವೆಲ್ಲಿಯದು? ಅಲ್ಲಾಹನು ನಮ್ಮ ಮಕ್ಕಳ ಮನಸ್ಸಿಗೆ ನೆಮ್ಮದಿ ಕರುಣಿಸಲಿ. ಆಮೀನ್.