ಕಡಲ ತಡಿಯಲ್ಲಿ ಮನೆ

ಉದ್ಯೋಗದಿಂದ ನಿವೃತ್ತರಾದ ಹಲವರು ಶೇಷಾಯುಷ್ಯವನ್ನು ನಮ್ಮ ಪಡುವಣ ಕರಾವಳಿಯಲ್ಲಿ ಕಳೆಯಬೇಕೆಂದು ಬಯಸುವರು. ಬಯಕೆಯೇನೋ ಸಹಜವಾದುದೇ. ಆದರೆ ಮಾಘಮಾಸದ ಎಳೆಬಿಸಿಲಿನಲ್ಲಿ ತೆಂಗಿನ ತೋಟವನ್ನೂ ಅದರಾಚೆಯ ನೀಲಿ ನೀರನ್ನೂ ಕಂಡು ಮರುಳಾಗಿ, ಜೀವಮಾನದ ಗಳಿಕೆಯನ್ನು ಮುಂಗಡವಾಗಿ ತೆತ್ತು ಬರುವ ಗೃಹಸ್ಥರಿಗೆ ಎರಡು ಮಾತು ಹೇಳುವುದು ಅವಶ್ಯಕವೆಂದು ತೋರುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಅದರ ಬಹುಭಾಗವು ಜೂನ್ ಮೊದಲ್ಗೊಂಡು ಸೆಪ್ಟೆಂಬರಿನೊಳಗೆ. ಆದುದರಿಂದ ಆಷಾಢದಲ್ಲಿ ಕಣ್ಣಾರೆ ಕಾಣದ ಸ್ಥಳವನ್ನು ಕೊಳ್ಳತಕ್ಕದ್ದಲ್ಲ.

ಮೊದಲು ನೋಡತಕ್ಕದ್ದು ಬಾವಿಯನ್ನು, ಕಡಲನ್ನಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯದಲ್ಲಿ ಮರ, ಹುತ್ತ ಮುಂತಾದ ಕುರುಹುಗಳಿಂದ ಭೂಗತಜಲವನ್ನು ಅರಿಯುವ ಬಗೆಯನ್ನು ವಿಸ್ತರಿಸಿರುವನು. ಆದರೆ ಆತನು ಅವಂತಿಯವನು. ಕರಾವಳಿಯಲ್ಲಿ ನೀರು ಇದೆಯೇ ಎಂಬುದಕ್ಕಿಂತ ಅದು ಸಿಹಿಯಾಗಿ ಉಳಿಯುವುದೇ ಎಂಬುದೇ ದೊಡ್ಡ ಪ್ರಶ್ನೆ. ತೀರದ ಮರಳಿನೊಳಗೆ ಸಿಹಿನೀರು ಹಗುರವಾದುದರಿಂದ ಉಪ್ಪುನೀರಿನ ಮೇಲೆ ತೇಲಿಕೊಂಡಿರುವುದು. ಸಮುದ್ರಮಟ್ಟಕ್ಕಿಂತ ಒಂದಡಿ ಮೇಲೆ ನೀರು ನಿಂತಿದ್ದರೆ, ಆ ಮಟ್ಟದಿಂದ ಕೆಳಗೆ ಸುಮಾರು 40 ಅಡಿಯವರೆಗೆ ಸಿಹಿನೀರಿರುವುದೆಂದು ಶಾಸ್ತ್ರಜ್ಞರ ಲೆಕ್ಕ. ಇದನ್ನೇ ತಿರುಗಿಸಿ ನೋಡಿರಿ: ಪಂಪು ಹಚ್ಚಿ ಮೇಲಿನ ಒಂದಡಿಯನ್ನು ಇಳಿಸಿಬಿಟ್ಟರೆ, ಕೆಳಗಿನ ಉಪ್ಪು 40 ಅಡಿ ಮೇಲೇರಲು ಹಾದಿಯಾಯಿತು. ವೈಶಾಖದ ಕೊನೆಯಲ್ಲಿ ನೆರೆಮನೆಯವರ ಬಾವಿಯ ನೀರನ್ನು ಬೇಡಿ ಕುಡಿಯಿರಿ. ಅದರಲ್ಲಿ ಬೇಳೆ ಬೇಯುವುದೇ ಎಂದು ಆ ಮನೆಯ ಗೃಹಿಣಿಯನ್ನು ಕೇಳಿರಿ. ಇಂತಹ ಪ್ರಮಾಣವು ದಲ್ಲಾಳಿಯ ಬಾಯಿಂದ ದೊರೆಯದು.

ನದಿಯು ಕಡಲನ್ನು ಸೇರುವ ಅಳಿವೆಯ ಮಗ್ಗುಲಿನ ಮರಳುದಿಣ್ಣೆಯು ಅತ್ಯಂತ ರಮಣೀಯವಾದುದು. ಮನೆಗೆ ಅತ್ಯಂತ ಅಯೋಗ್ಯವಾದುದೂ ಅದೇ. ಮರಳು ಒಂದೆಡೆ ಕೊರೆದು ಇನ್ನೊಂದೆಡೆ ಸೇರುತ್ತಲೇ ಇರುವುದು. ಉಳ್ಳಾಲದಲ್ಲಿ ಕಲ್ಲಿನ ತಡೆಗೋಡೆಗಳನ್ನು ಹಾಕಿದ ಮೇಲೆಯೂ ಮನೆಗಳು ಕಡಲಪಾಲಾಗಿವೆ. ಒಳಕ್ಕೆ ಸರಿದ ಮಾತ್ರಕ್ಕೆ ನಿರ್ಭಯವೆನ್ನುವಂತಿಲ್ಲ: 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯ ನೆರೆಯು ಬಂಟ್ವಾಳದ ಪೇಟೆಯನ್ನೇ ಹೊಕ್ಕಿತು. 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡವು ಜರಿದು ಜನರು ಮೃತರಾದರು. ಹಾಗಾದರೆ ಎಲ್ಲಿ ಕಟ್ಟುವುದು? ಹಳೆಯ ನೆರೆಯ ಗುರುತಿಗಿಂತ ಎತ್ತರವಾಗಿ, ಕಡಿದ ಗುಡ್ಡಗಳಿಂದ ದೂರವಾಗಿ ಇರುವ ಮುರಕಲ್ಲಿನ ಸಮತಟ್ಟಾದ ನೆಲದಲ್ಲಿ. ಅಲ್ಲಿಂದ ಕಡಲು ಕಾಣಿಸದೆ ಇರಬಹುದು. ಅದರ ಮೊರೆತ ಕೇಳಿಸಿದರೆ ಸಾಲದೇ?

ಕಾನೂನೂ ಒಂದಿದೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ, ಜನವಸತಿ ವಿರಳವಾದ ಹಳ್ಳಿಗಾಡಿನ ತೀರದಲ್ಲಿ ಉಬ್ಬರದ ರೇಖೆಯಿಂದ 200 ಮೀಟರಿನೊಳಗೆ ಹೊಸ ಮನೆಗೆ ಸಾಮಾನ್ಯವಾಗಿ ಅವಕಾಶವಿಲ್ಲ. ನಕ್ಷೆಯನ್ನು ಕಚೇರಿಗೆ ಹೋಗಿ ಸ್ವತಃ ನೋಡತಕ್ಕದ್ದು.

ಮನೆ ಕಟ್ಟಿದ ಮೇಲೆ ಗಾಳಿಯ ಯೋಚನೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತವು ಮಳೆಗಾಲಕ್ಕೆ ಮೊದಲೇ ನಮ್ಮ ತೀರವನ್ನು ಬಡಿಯಿತು. ಆದುದರಿಂದ ಮಾಡಿನ ಅಂಚಿನ ಹೆಂಚುಗಳನ್ನು ಏಪ್ರಿಲಿನಲ್ಲಿಯೇ ಗಾರೆಯಿಂದ ಬಿಗಿಸಿರಿ. ತೆಂಗಿನ ಸಸಿಯನ್ನು, ಮುಂದೆ ಮರವಾಗಿ ಉರುಳಿದರೂ ಮಾಡಿಗೆ ತಗಲದಷ್ಟು ದೂರದಲ್ಲಿ ನೆಡಿರಿ. ಬಾವಿಯ ಕಟ್ಟೆ ಎತ್ತರವಾಗಿರಲಿ. ನೆರೆ ಹೊಕ್ಕ ಬಾವಿಯ ನೀರನ್ನು ಶುದ್ಧಿಮಾಡಿ ಕುದಿಸದೆ ಕುಡಿಯಬಾರದು. ಅಕ್ಕಿ, ಔಷಧ, ಒಣಸೌದೆ, ಆಸ್ತಿಪತ್ರಗಳ ಪೆಟ್ಟಿಗೆ—ಇವು ಅಟ್ಟದ ಮೇಲಿರಲಿ. ಮಳೆಯ ರಾತ್ರಿ ದೀಪವಾರಿದಾಗ, ಮನೆಯ ವೃದ್ಧರನ್ನು ಕರೆದುಕೊಂಡು ಯಾವ ಸೇತುವೆಯನ್ನೂ ದಾಟದೆ ಮುಟ್ಟಬಹುದಾದ ಎತ್ತರದ ಮನೆ ಯಾವುದೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಆ ಮನೆಯವರನ್ನು ಗೃಹಪ್ರವೇಶಕ್ಕೆ ತಪ್ಪದೆ ಕರೆಯಿರಿ.